ಗೇಟಿನ ವಹಿ

ಬರಿಯೂದು ನನ್ನ ಕೆಲಸ:
ಹೆಸರು, ಗಾಡಿ ನಂಬರು, ಒಳಗ ಹೋದ ವ್ಯಾಳ್ಯಾ, ಯಾತಕ್ಕ.
ಖಾಕಿ ಅಂಗಿ ಇಲಾಖೆದು,
ಎದಿ ಮ್ಯಾಲಿನ ಗುಂಡಿ ಅಷ್ಟ ಅವ್ವ ಹಚ್ಚಿದ್ದು,
ಕರಿದಾರದಾಗ.

ಪಾಡ್ಯದ ಮುಂಜಾನೆ ಖಾನಾಪುರದ ಕಡಿಂದ ಟೆಂಪೋ ಬಂತು.
ಹನ್ನೊಂದು ಮಂದಿ, ಮೂರು ಎಮ್ಮಿ.
ಕೋಡಿಗೆ ಕೆಮ್ಮಣ್ಣು, ಕೊರಳಿಗೆ ಚೆಂಡುಹೂ,
ಒಂದರ ಹಣಿಗೆ ಹುಟ್ಟುಹಬ್ಬದ ಚಮಕಿ ಹಾಳಿ.
ಮುಂದಿನ ಸೀಟಿನಾಗ ಬಮ್ಮೂ ಝೋರೆ ಕಾಕಾ,
ತೊಡಿ ಮ್ಯಾಲ ಕೋಲಿಗೆ ಸುತ್ತಿದ ಕಂಬಳಿ,
ಮಲಗಿದ ಕೂಸಿನಂಗ.

ಈ ಗೇಟಿನಾಚೆ ನಾಕು ಮೈಲಿಗೆ ನಮ್ಮ ವಾಡಾ ಇತ್ತು.
ಚೆಕ್ ಬಂದ ವಾರ ನಾವ ಮಾಡು ಇಳಿಸಿದಿವಿ,
ತೊಲಿ ಎಣಿಸಿ ಟ್ರ್ಯಾಕ್ಟರಿಗೆ ಹೇರಿದಿವಿ.
ದೊಡ್ಡಿಯ ಗೂಟ ಮಾತ್ರ ಕೀಳಲಿಲ್ಲ.
ಯಾಕ ಅಂತ ಯಾರೂ ಕೇಳಲೂ ಇಲ್ಲ.

"ಯಾತಕ್ಕ?" ಪೆನ್ನು ಹಿಡದು ಕೇಳಿದೆ.
ಕಾಕಾ ನಕ್ಕ. "ನಿನಗ ಗೊತ್ತಿಲ್ಲೇನ, ನವಲು?"
ಮಂದಿಗೆ ಪರವಾನಗಿ ಐತಿ, ಸಂಜಿ ಐದರ ತನಕ.
ಸಾಕಿದ ದನಕ್ಕ ಇಲ್ಲ.
ಬೋರ್ಡಿನ ಮ್ಯಾಲ ಹುಲಿ ಚಿತ್ರ, ಅದರ ಕೆಳಗ ಆರು ನಿಯಮ.
"ಎಮ್ಮಿ ಬಿಟ್ಟು ನಾವಷ್ಟ ಹೋಗಿ
ಯಾರ ಹಬ್ಬ ಮಾಡೂದು?" ಅಂದ ಠಕೂ ಆತ್ಯಾ
ಟೆಂಪೋದಿಂದ ಇಳದು, ಡಾಂಬರಿನ ಮ್ಯಾಲನ
ಸಗಣಿಯ ಐದು ಗುಪ್ಪಿ ಇಟ್ಟು, ಹಾಲು ಹನಿಸಿದಳು.

ಕಂಬಳಿ ಹಿಡದು ಒಬ್ಬಾವ ಓಡಬೇಕು, ಎಮ್ಮಿ ಬೆನ್ನಟ್ಟಬೇಕು.
ಬೆನ್ನಟ್ಟಿದರ, ಅದು ನಮ್ಮನ್ನ ಇನ್ನೂ ತನ್ನವರಂತ ಎಣಿಸೇತಿ.
ಬೆಳಗಾವಿಯ ಫೌಂಡ್ರಿಯಿಂದ ಒಂದ ದಿನದ ರಜಾ ತಂದ ಧಾಕ್ಲು
ಬೂಟಿನ ಕಾಲಾಗ ಓಡಿದ.
ಎಮ್ಮಿ ನೋಡಿದ್ವು. ಮೆಲಕು ಹಾಕಿದ್ವು.
ಸಂತ್ಯಾಗ ಕೊಂಡವು, ಹಿಂಡಿ ತಿಂದು ಬೆಳದವು,
ಡೇರಿ ಕ್ಯಾನಿನ ಸಪ್ಪಳಕ್ಕಷ್ಟ ಕಿವಿ ನಿಮಿರಸೂವು.

ಆವಾಗ ಆತ್ಯಾ ಗಂಟಲದಾಗಿಂದ ಒಂದು ದನಿ ತಗದಳು.
ಅದನ್ನ ಬರಿಯಾಕ ಬರೂದಿಲ್ಲ.
ಕನ್ನಡ ಸಾಲಿ ಕಲಿತಾವ ನಾನು, ಒತ್ತು, ದೀರ್ಘ ಎಲ್ಲಾ ಗೊತ್ತು,
ಆ ದನಿಗೆ ಅಕ್ಷರ ಇಲ್ಲ.
ಚಮಕಿ ಹಾಳಿಯ ಎಮ್ಮಿ ಕತ್ತು ತಿರುಗಿಸ್ತು.
ನನ್ನ ಕಾಲೂ.

ಕಂಬಳಿ ಯಾವಾಗ ಕೈಗೆ ಬಂತೋ.
ಬೆನ್ನ ಹಿಂದ ಬಿಸಿ ಉಸರು, ಗೊರಸು,
ಕಾಕಾನ ಕೇಕಿ, ಹಾರ್ನು ಹೊಡಿಯೂ ಗೋವಾದ ಕಾರು,
ಬಾಯಾಗ ಹಳೇ ಕುರಿ ಉಣ್ಣಿಯ ವಾಸನಿ.

ಸಂಜಿಗೆ ಸಾಹೇಬರು ವಹಿ ತಿರುವಿದರು.
ಒಳಗ ಹೋದವರು: ಯಾರೂ ಇಲ್ಲ.
ಖರೇನ ಬರದೀನಿ.
ಡಾಂಬರಿನ ಮ್ಯಾಲಿನ ಹಾಲು ಇರುವಿ ಪಾಲಾಗೇತಿ.
ಬ್ಯಾಟರಿ ಹಿಡದು ರಸ್ತಾದ ದಂಡಿಗೆ ಕುಂತೀನಿ,
ಕರಿದಾರದ ಗುಂಡಿ ಒಂದು ಸಿಗವಲ್ದು.