ಆರು ಗಂಟೆಯವರೆಗೆ ಗ್ಯಾಲ್ವೆಸ್ಟನ್

ಪಾಸು ಆರು ಗಂಟೆಯವರೆಗೆ.
ಹಡಗಿಗೆ ಗೋಧಿ ತುಂಬುತ್ತಿದೆ,
ಮೂರನೇ ಎಂಜಿನಿಯರಿಗೆ ಇವತ್ತು ಕೆಲಸವಿಲ್ಲ.
ಎಣ್ಣೆಗೈ ಒರೆಸಿ, ಇದ್ದೊಂದು ಇಸ್ತ್ರಿ ಅಂಗಿ ತೊಟ್ಟು
ಏಣಿ ಇಳಿದರೆ ಎದುರಿಗೇ ಊರು.
ಕಾರವಾರದ ಹಾಗೆ ಬೆನ್ನಿಗೆ ಬೆಟ್ಟವಿಲ್ಲ.
ತಟ್ಟಿದ ರೊಟ್ಟಿಯಂಥ ನೆಲ, ಎರಡೂ ಕಡೆ ನೀರು.

ಟ್ರಾಲಿಯಲ್ಲಿ ಒಡೆಸ್ಸಾ ಟಿಬೊಡೋ, ಎಪ್ಪತ್ತು ದಾಟಿದವಳು.
ಮೈಕು ಕೆಟ್ಟಿದೆ, ದನಿ ಕೆಟ್ಟಿಲ್ಲ.
"ಇದು ಸ್ಟ್ರ್ಯಾಂಡ್ ಬೀದಿ. ಹತ್ತಿಯ ಕಾಲದಲ್ಲಿ
ದುಡ್ಡು ನೆಲಕ್ಕೆ ಬಿದ್ದರೂ ಸಾಹುಕಾರರು ಬಗ್ಗುತ್ತಿರಲಿಲ್ಲ.
ಹತ್ತಿ ಬಿಡಿಸಿದವರು
ಬಗ್ಗಿಯೇ ಇದ್ದರು."
ಗೋಡೆಚಿತ್ರವೊಂದರ ಮುಂದೆ ಗಾಡಿ ನಿಂತಿತು.
ಬಿಡುಗಡೆಯ ಸುದ್ದಿ ಈ ದಡಕ್ಕೆ ಬಂದದ್ದು
ಎರಡೂವರೆ ವರ್ಷ ತಡವಾಗಿ, ಜೂನ್ ಹತ್ತೊಂಬತ್ತಕ್ಕೆ.
"ನನ್ನ ಮುತ್ತಜ್ಜಿಗೆ ಆಗ ಒಂಬತ್ತು."

ಎರಕದ ಕಬ್ಬಿಣದ ಮುಖದ ಅಂಗಡಿಗಳು.
ಸಮುದ್ರದ ನೀರಿನ ಮಿಠಾಯಿ ಎಂದು ಮಾರುತ್ತಾರೆ,
ತಿಂದು ನೋಡಿದೆ, ಸಮುದ್ರವಿಲ್ಲ.
ಮೂರು ಕೂವೆಕಂಬದ ಹಳೇ ಹಾಯಿಹಡಗು,
ಕಡಲೊಳಗೆ ಕಾಲೂರಿ ನಿಂತ ತಿರುಗುತೊಟ್ಟಿಲು,
ಕಾಸಿಲ್ಲದೆ ದಾಟಿಸುವ ಫೆರ್ರಿ, ಹಿಂದೆ ಪೆಲಿಕನ್ನುಗಳ ಸಾಲು.

ಇಟ್ಟಿಗೆ ಗೋಡೆಯಲ್ಲೊಂದು ಗೆರೆ,
ನನ್ನ ನೆತ್ತಿಗಿಂತ ಗೇಣು ಮೇಲೆ.
ಎರಡು ಸಾವಿರದ ಎಂಟರಲ್ಲಿ ನೀರು ಇಲ್ಲಿವರೆಗೆ.
ನಮ್ಮ ಹಡಗಿನ ಪಕ್ಕೆಗೂ ಇದೆ ಇಂಥದೇ ಗೆರೆ,
ಇದಕ್ಕಿಂತ ಮುಳುಗಬೇಡ ಅನ್ನುವುದಕ್ಕೆ.
ಇದು ಮುಳುಗಿಯಾದ ಮೇಲೆ ಎಳೆದದ್ದು.
"ಸಾವಿರದ ಒಂಬೈನೂರರ ಬಿರುಗಾಳಿಗೆ?" ಕೇಳಿದೆ.
ದಂಡೆಯ ಕಡೆ ಕೈ ತೋರಿಸಿದಳು.
"ಅಲ್ಲಿ ಗೆರೆ ಎಳೆಯಲು ಗೋಡೆ ಎಲ್ಲಿತ್ತು?"

ಉಳಿದವರು ಊರು ಬಿಡಲಿಲ್ಲ.
ಊರನ್ನೇ ಎತ್ತಿದರು.
ಇದು ನನಗೆ ಅರ್ಥವಾಗುವ ವಿಷಯ: ಜಾಕಿ.
ಮನೆಯ ಕೆಳಗೆ, ಚರ್ಚಿನ ಕೆಳಗೆ ನೂರಾರು ತಿರುಪು.
ಒಂದು ಸದ್ದಿಗೆ ಎಲ್ಲರೂ ಕಾಲು ಸುತ್ತು,
ಮತ್ತೆ ಸದ್ದು, ಮತ್ತೆ ಕಾಲು ಸುತ್ತು,
ಒಳಗೆ ಯಾರೋ ಸೌಟು ಆಡಿಸುತ್ತಿರುವಾಗಲೇ
ಅಡುಗೆಮನೆ ಕೂದಲೆಳೆಯಷ್ಟು ಆಕಾಶಕ್ಕೆ.
ಕೆಳಗೆ ಕೆಸರು ಹೊಯ್ದು ತುಂಬಿದರು.
ವರ್ಷಗಟ್ಟಲೆ ಹಲಗೆಯ ಮೇಲೆ ನಡೆದರು ಜನ,
ಮದುಮಗಳೂ, ಹೆಣ ಹೊತ್ತವರೂ.
ಮರಗಳನ್ನು ಯಾರೂ ಎತ್ತಲಿಲ್ಲ.
ಬ್ರಾಡ್‌ವೇಯ ಸ್ಮಶಾನದಲ್ಲಿ ಗೋರಿಯ ಮೇಲೆ ಮಣ್ಣು,
ಮಣ್ಣಿನ ಮೇಲೆ ಗೋರಿ.
"ನಮ್ಮಲ್ಲಿ ಸತ್ತವರಿಗೂ ಮಹಡಿಮನೆ," ಅಂದಳು.

ದಾರಿಯುದ್ದಕ್ಕೂ ಕಣಗಿಲೆ.
ಕೆಂಪು, ಬಿಳಿ, ಮಾಸಿದ ಗುಲಾಬಿ.
ಈ ಊರಿನ ಹೂವಂತೆ.
"ಮುಟ್ಟು, ಬಾಯಿಗೆ ಮಾತ್ರ ಇಡಬೇಡ."
ಗೊತ್ತು ಒಡೆಸ್ಸಾ. ನಮ್ಮಮ್ಮ
ಬೆಳಗಾದರೆ ಶಿವನ ತಲೆಗಿಡುತ್ತಿದ್ದದ್ದು ಇದನ್ನೇ.
ವಿಷ ಕುಡಿದವನಿಗೆ ವಿಷದ ಹೂವಿನ ಭಯವೇನು?
ಕಥೆ ಕೇಳಿ ಅವಳು
ಒಂದು ನಿಲ್ದಾಣದ ವಿವರಣೆ ಮರೆತಳು.

ಐದೂ ಮುಕ್ಕಾಲು. ಏಣಿ ಈಗ ಅಷ್ಟು ಕಡಿದಲ್ಲ.
ಗೋಧಿ ತುಂಬಿ ಹಡಗು ಒಂದಾಳು ಇಳಿದಿದೆ.
ಬಗ್ಗಿ ನೋಡಿದೆ, ಗೆರೆಗೆ ಇನ್ನೂ ಎರಡು ಗೇಣು.
ಇಳಿಯುವಾಗ ಅವಳು ಕೇಳಿದ್ದಳು:
"ನಿನ್ನೂರು ಕಡಲಿಗಿಂತ ಎಷ್ಟು ಎತ್ತರ?"
ಇಪ್ಪತ್ತು ವರ್ಷ ಎಲ್ಲ ಬಂದರುಗಳ ಆಳ ಬರೆದಿಟ್ಟವನು,
ಅದೊಂದನ್ನು ಅಳೆದಿರಲಿಲ್ಲ.