ಮಗ್ಗುಲು

ಹತ್ತು, ಹನ್ನೆರಡು, ಎರಡು, ನಾಲ್ಕು, ಆರು.
ಐದೂ ಅಂಕಿ ಒಂದೇ ಪೆನ್ನಿನವು, ಒಂದೇ ಉಸಿರಿನವು.
ಬೆಳಗಿನ ಪಾಳಿಯವರು ಮೆಟ್ಟಿಲು ಹತ್ತುವ ಸದ್ದಿಗೆ
ನಾನೇ ಅವಸರದಲ್ಲಿ ಗೀಚಿದವು.
‘ಮಗ್ಗುಲು ಬದಲಿಸಲಾಯಿತು.’
ಯಾರು ಎಂದು ಕೇಳದ ಕ್ರಿಯಾಪದ,
ನಮ್ಮ ವಾರ್ಡಿಗೆ ಬಹಳ ಉಪಕಾರಿ.

ಚಿಯಾತುರಾದ ಆಸ್ಪತ್ರೆ, ಮೂರನೇ ಮಹಡಿ.
ಕಿಟಕಿಯಾಚೆ ಕಣಿವೆ, ಕಣಿವೆಯ ಮೇಲೊಂದು ತಂತಿ,
ಅಡಿಯಲ್ಲಿ ಗಣಿಯ ಮಣ್ಣು ಕುಡಿದು ಕಪ್ಪಾದ ನದಿ.
ಏಳನೇ ಮಂಚದ ಅಂಬ್ರೋಸಿ
ಮೂವತ್ತೆಂಟು ವರ್ಷ ಆ ತಂತಿಯ ಮೇಲೆ
ಗಣಿಯಾಳುಗಳ ತೂಗುಡಬ್ಬಿ ಓಡಿಸಿದವನು.
ಈಗ ಸೊಂಟ ಮುರಿದು ಬಿದ್ದಿದ್ದಾನೆ,
ನಡುದಾರಿಯಲ್ಲಿ ಕರೆಂಟು ಹೋದವನ ಹಾಗೆ.

ಒಂಬತ್ತನೇ ದಿನ ಮೈ ಒರೆಸಲು ತಿರುಗಿಸಿದರೆ
ಬೆನ್ನಿನ ಬುಡದಲ್ಲಿ, ಮೂಳೆಗೂ ಹಾಸಿಗೆಗೂ ನಡುವೆ
ಚರ್ಮವೊಂದೇ ಉಳಿದ ಜಾಗದಲ್ಲಿ,
ಹತ್ತು ತೆತ್ರಿ ನಾಣ್ಯದಷ್ಟು ಕೆಂಪು.
ಬೆರಳಿಟ್ಟು ಒತ್ತಿದೆ. ಬಿಳಿಯಾಗಲಿಲ್ಲ.
ಬಿಳಿಯಾಗಿದ್ದರೆ ನನಗೊಂದು ಕ್ಷಮೆ ಇತ್ತು.

“ಓಡಿಸಿದ ಟ್ರಿಪ್ಪು ಬರೆಯದೆ ಮನೆಗೆ ಹೋದವನಲ್ಲ ನಾನು,”
ಅಂಬ್ರೋಸಿ ಗೋಡೆಗೆ ಹೇಳಿದ,
“ಓಡಿಸದ್ದನ್ನು ಬರೆದವನೂ ಅಲ್ಲ.”
ಗೋಡೆ ಸುಮ್ಮನಿತ್ತು. ನಾನೂ.

ಹಿರಿಯ ನರ್ಸು ನತೇಲಾ ಬಯ್ಯುತ್ತಾಳೆಂದುಕೊಂಡೆ.
ಬಯ್ದಿದ್ದರೆ ಹಗುರವಾಗುತ್ತಿತ್ತು.
ಅವಳು ಕ್ಯಾಲೆಂಡರಿನ ಹಿಂಬದಿಗೆ ಗೆರೆ ಎಳೆದು
ಚಹಾ ಕಾಯಿಸುವ ಕೋಣೆಯಲ್ಲಿ ಅಂಟಿಸಿದಳು.
“ಆದದ್ದನ್ನು ಬರೆಯಿರಿ. ಆಗದ್ದನ್ನು ಖಾಲಿ ಬಿಡಿ.
ಖಾಲಿಗೆ ಶಿಕ್ಷೆಯಿಲ್ಲ. ಕರುಣೆಯ ಭಾಷಣವೂ ಬೇಡ,
ರಾಜಧಾನಿಯವರು ಬಂದು ಮಾಡಿ ಹೋಗಿದ್ದಾರೆ.”

ಮೊದಲ ವಾರ ಆ ಹಾಳೆ ಹಲ್ಲುದುರಿದ ಬಾಯಿ.
ಎರಡು ಗಂಟೆಯ ಸಾಲಂತೂ ಬರೀ ವಸಡು.
ಯಾಕೆ? ನಿದ್ದೆಯಲ್ಲ. ಕಲ್ಲೆದೆಯೂ ಅಲ್ಲ.
ಚಾದರ.
ಒದ್ದೆಯಾದದ್ದನ್ನು ಬದಲಿಸಲು ಹೊಸದು ನೆಲಮಾಳಿಗೆಯಲ್ಲಿ,
ಬೀಗದ ಕೈ ಗೇಟಿನ ಗುರಾಮನ ಹತ್ತಿರ,
ಗುರಾಮ ನಿದ್ದೆಯ ಹತ್ತಿರ,
ಲಿಫ್ಟಿಗೆ ರಾತ್ರಿ ರಜೆ.
ಮೂವತ್ತೊಂದು ಮಂಚಕ್ಕೆ ನಾವಿಬ್ಬರು.
ಒಬ್ಬಳು ಇಳಿದು ಹತ್ತಿ ಬರುವಷ್ಟರಲ್ಲಿ ಮುಕ್ಕಾಲು ಗಂಟೆ.
ಮುರಿದ ಸೊಂಟವನ್ನು ಒಂಟಿ ಕೈ ತಿರುಗಿಸಲಾರದು.
ಒಳ್ಳೆಯತನ ಸೋರುತ್ತಿದ್ದದ್ದು ಎದೆಯಿಂದಲ್ಲ,
ಎಂಬತ್ತೆರಡು ಮೆಟ್ಟಿಲಿಂದ.

ನತೇಲಾಳ ಮೈದುನ ಹಳೇ ಬಾಗಿಲೊಂದನ್ನು ಕೊಯ್ದು
ನಮ್ಮ ಮಹಡಿಗೇ ಕಪಾಟು ಹೊಡೆದ.
ಎರಡು ಹಲಗೆ, ಹನ್ನೊಂದು ಮೊಳೆ,
ಸಂಜೆಗೆ ನಲವತ್ತು ಚಾದರ.
ಅಷ್ಟೇ. ಯಾರೂ ರಿಬ್ಬನ್ ಕತ್ತರಿಸಲಿಲ್ಲ.

ಈಗ ಎರಡು ಗಂಟೆಗೆ ತ್ಸಿಯಾಲಾ ಆಚೆ, ನಾನು ಈಚೆ.
ಅಂಗೈ ಉಜ್ಜಿ ಬೆಚ್ಚಗಾಗಿಸಿಕೊಂಡು, ಒಂದು, ಎರಡು,
ಮೂರಕ್ಕೆ ಮೊದಲೇ ಅಂಬ್ರೋಸಿ:
“ಬಾಗಿಲು ಹುಷಾರು! ಡಬ್ಬಿ ಹೊರಟಿತು!”
ಹಲ್ಲು ಕಚ್ಚಿ ತೂಗುತ್ತಾನೆ,
ಅರ್ಧ ಗಾಳಿಯಲ್ಲಿ, ಅರ್ಧ ನಮ್ಮ ತೋಳಲ್ಲಿ,
ಬೆನ್ನಿನ ಸಂದಿಗೆ ದಿಂಬು ಸಿಕ್ಕ ಮೇಲೆ ಉಸಿರು ಬಿಡುತ್ತಾನೆ.
ಬಲಮಗ್ಗುಲಲ್ಲಿ ಎದ್ದರೆ ದಿನ ಒಳ್ಳೆಯದಂತೆ.
ಬಲಕ್ಕೆ ವಾಝಾನ ಗೊರಕೆ, ಎಡಕ್ಕೆ ಕಿಟಕಿ ಇದ್ದವನಿಗೆ
ಆ ಶಾಸ್ತ್ರ ಒಗ್ಗದು.

ಕೆಂಪು ಮಾಸಲು ಹತ್ತೊಂಬತ್ತು ದಿನ ಬೇಕಾಯಿತು.

ನಿನ್ನೆ ನಾಲ್ಕಕ್ಕೆ ಹನ್ನೊಂದನೇ ಮಂಚದ ಮುದುಕಿಗೆ ಉಸಿರುಕಟ್ಟಿ
ನಾವಿಬ್ಬರೂ ಅಲ್ಲೇ, ಬೆಳಕು ಹರಿಯುವವರೆಗೆ.
ಹಾಳೆಯ ಮುಂದೆ ನಿಂತಾಗ ಕೈ ಹಳೆಯ ಚಾಳಿಗೆ ಪೆನ್ನು ತೆಗೆಯಿತು.
ಇಲ್ಲವೆನ್ನಲಾರೆ.
ಮುಚ್ಚಳ ಹಾಕಿದೆ.

ನತೇಲಾ ಬಂದು, ಕೋಟು ಬಿಚ್ಚದೆ,
ಆ ಖಾಲಿ ಮನೆಯನ್ನು ಬರೆದದ್ದನ್ನು ಓದುವಂತೆ ಓದಿ,
“ನಾಲ್ಕಕ್ಕೆ ಮೂರನೆಯವಳೊಬ್ಬಳು ಬೇಕು” ಎಂದು
ಪಕ್ಕದಲ್ಲಿ ಬರೆದಳು,
ತನ್ನ ಪೆನ್ನಿನಲ್ಲಿ.