ಬೆಳಕಿಂಡಿ

ಎಳ್ಳಮವಾಸಿ ಕಳೆದು ಎರಡನೇ ರವಿವಾರ.
ಬಂಕಾಪುರದಾಚೆ, ಇಟ್ಟಂಗಿ ಭಟ್ಟಿಗೆ ಮಣ್ಣು ತೆಗೆದ ತೆಗ್ಗು
ಮಳೆಗೆ ತುಂಬಿ ಹೊಂಡವಾಗಿ, ಈಗ
ಒಂದು ಗಾಳಕ್ಕೆ ಇಪ್ಪತ್ತು ರೂಪಾಯಿ.

ಜೋಳದ ದಂಟಿನ ಬೆಂಡು ನಿಂತಲ್ಲೇ ನಿಂತಿದೆ.
ಡಬ್ಬಿಯೊಳಗೆ ಎರೆಹುಳವೂ ಸೆಟೆದಿದೆ.
ಶಿಗ್ಗಾಂವಿಯಿಂದ ಸೈಕಲ್ಲು ತುಳಿದು ಬಂದ ಸಿಂಪಿಗರ ನೀಲಪ್ಪ
ಮೂರು ಬೀಡಿ ಸುಟ್ಟ; ಒಂದು ಸಲವೂ
ದಾರ ಜಗ್ಗಲಿಲ್ಲ.

"ಇಂಥಾ ಥಂಡಿಗೆ ಜಿಲೇಬಿ ಬಾಯಿ ತೆರಿಯಂಗಿಲ್ಲ,
ತಳಾ ಹಿಡದು ಕುಂತಾವ.
ರೊಕ್ಕಾ ವಾಪಸ್ ತಗೋರಿ, ಚಾ ಕುಡದ ಹೋಗ್ರಿ,"
ಅಂದ ಹವಾಲ್ದಾರ ದಾವಲಸಾಬ,
ಪಿಂಚಣಿಯ ದುಡ್ಡಿನಲ್ಲಿ ಮೀನಮರಿ ತಂದು ಬಿಟ್ಟವನು.

ಚಹಾದ ಜೊತೆಗೆ ಅದೇ ಕತೆ:
ದ್ರಾಸಿನಲ್ಲಿ ಪಲ್ಟನ್ನಿನ ಅಡುಗೆಮನೆ ಹಿಂದೊಂದು ಹೊಂಡ,
ಸಾಹೇಬರ ಗಾಳದ ಹುಚ್ಚಿಗೆ ಸಾಕಿದ ಮೀನು.
ಡಿಸೆಂಬರಿಗೆ ಮೇಲೆ ಗಚ್ಚು ಬಡಿದಂತೆ ಮಂಜುಗಡ್ಡೆ,
ಗಡ್ಡೆಯ ಮೇಲೆ ಹಿಮ, ಅಡಿಗೆ ಹಗಲೂ ಕತ್ತಲೆ,
ಕತ್ತಲೆಯಲ್ಲಿ ಉಸಿರನ್ನು ಚಿಲ್ಲರೆಯಂತೆ
ಎಣಿಸೆಣಿಸಿ ಖರ್ಚು ಮಾಡುವ ಮೀನು.
ಹೊಸಬನೊಬ್ಬ ಗುದ್ದಲಿ ಎತ್ತಿದ್ದ.
ಹೊಡೀಬ್ಯಾಡೋ, ಸಪ್ಪಳಕ್ಕೇ ಸಾಯ್ತಾವ ಅಂತ
ಮುದುಕ ಅಡುಗೆಯವ ಕುದಿಯುವ ಕಿಟ್ಲಿ ತಂದು
ಮೆಲ್ಲಗೆ ಕೂರಿಸಿದ.
ಏಳು ಸಲ ಕುದಿಸಿದ. ಎಂಟನೆಯದಕ್ಕೆ
ದುಂಡನೆ ತೂತು.

"ಎಷ್ಟು ಉಳದ್ವು?" ಈ ಸಲ ಕೇಳಿಬಿಟ್ಟೆ.
ಅವನು ಬಸಿಯ ತಳ ನೋಡಿದ.
"ಮುಂದಿನ ತಿಂಗಳ ನಮ್ಮ ಪಲ್ಟನ್ ಎತ್ತಿದ್ರು.
ಗೊತ್ತಿಲ್ಲ."

ಇಲ್ಲಿ ಹಿಮವಿಲ್ಲ. ಅಂತರಗಂಗೆ ಇದೆ;
ಆಚೆ ದಡದಿಂದ ಅರ್ಧ ನೀರಿಗೆ ಹೊದಿಸಿದ ಕೌದಿ,
ಅಂಚು ಕೊಳೆತು ನಾರುತ್ತಿದೆ.
ಕೋಟೆ ಕಡೆ ನವಿಲು ಕೂಗಿತು.
ದಾವಲಸಾಬ ಪ್ಯಾಂಟು ಮಡಚಿ, ಬಿದಿರುಗಳ ಹಿಡಿದು
ಮೊಣಕಾಲಮಟ ಇಳಿದ,
ಹಲ್ಲು ಕಟಕಟ ಅಂದರೂ ನೀರು ಸಪ್ಪಳಿಸದಂತೆ.
ಜ್ವರ ಬಂದು ಮಲಗಿದ ಕೂಸಿನ ಮುಖದಿಂದ
ಸರಿಸುತ್ತಾರಲ್ಲ, ಹಾಗೆ
ಕೌದಿಯನ್ನು ಸರಿಸಿದ.

ಮಾಳಿಗೆಮನೆಯ ಬೆಳಕಿಂಡಿಯಷ್ಟು ನೀರು ತೆರೆಯಿತು.
ನಾವು ದಾರ ಸುತ್ತಿಟ್ಟು ಕೂತೆವು.
ಚಹಾ ಆರಿತು.
ಆಮೇಲೆ ಒಂದು ಬಾಯಿ ಬಂತು, ಗುಂಡಗೆ,
ಬಿಸಿಲನ್ನು ಒಮ್ಮೆ ಕಚ್ಚಿ ಹೋಯಿತು.

ನೀಲಪ್ಪನ ಕೈ ತನ್ನಷ್ಟಕ್ಕೆ ಗಾಳದವರೆಗೆ ಹೋಗಿ
ಬೀಡಿಕಟ್ಟು ಹಿಡಿದು ತಿರುಗಿ ಬಂತು.